ಪರಸಪ್ಪನ ಕೈಗುಣ ಮತ್ತು ಇಪ್ಪತ್ತಮೂರು ಓಮ್

ಹಳಿಯಾಳದಲ್ಲಿ ಪರಸಪ್ಪನ ರಿಪೇರಿ ಅಂಗಡಿ ಇದೆ. ಮಿಕ್ಸರ್, ಫ್ಯಾನು, ಇಸ್ತ್ರಿ ಪೆಟ್ಟಿಗೆ ಎಲ್ಲವನ್ನೂ ನೋಡುತ್ತಾನೆ. ಆದರೆ ಅವನ ಹೆಸರು ನಿಂತಿರುವುದು ಕಾಯಿಲ್ ಒಲೆಯ ಮೇಲೆ. ಮಣ್ಣಿನ ಬಿಲ್ಲೆಯಲ್ಲಿ ಸುರುಳಿ ತಂತಿ ಕೆಂಪಗೆ ಕಾಯುವ ಆ ಒಲೆ ಕೆಟ್ಟರೆ ತೇರಗಾಂವ, ಸಾಂಬ್ರಾಣಿ ಹಳ್ಳಿಗಳ ಜನ ಕೂಡ ಚೀಲಕ್ಕೆ ಹಾಕಿಕೊಂಡು ಇವನ ಹತ್ತಿರವೇ ಬರುತ್ತಿದ್ದರು. ಪರಸಪ್ಪ ಜೋಡಿಸಿಕೊಟ್ಟ ಒಲೆ ಹೊಸದಕ್ಕಿಂತ ಜೋರಾಗಿ ಉರಿಯುತ್ತದೆ, ಅದು ಅವನ ಕೈಗುಣ ಎಂದು ಊರೆಲ್ಲ ಒಪ್ಪಿಕೊಂಡಿತ್ತು.

ನಾನೂ ಒಪ್ಪಿಕೊಂಡಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ನಾನು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೋಧ, ಎರಡನ್ನೂ ಗುಣಿಸಿದರೆ ವ್ಯಾಟ್ ಎಂದು ಮಕ್ಕಳ ಕಿವಿ ಹಿಂಡಿದವನು. ಅಂಥವನೇ ಮನೆಯಲ್ಲಿ ಹಾಲು ಬೇಗ ಉಕ್ಕಿದಾಗ ಪರಸಪ್ಪನ ಕೈಯನ್ನು ಹೊಗಳಿದ್ದೆ. ಬರೆಯಲು ನಾಚಿಕೆಯಾಗುತ್ತದೆ.

ಪರಸಪ್ಪನ ತಂದೆ ಧಾರವಾಡದ ಕಡೆಯವರು, ಕಾಗದದ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದವರು. ಮಗ ಅಲ್ಲೇ ಒಬ್ಬ ಉಸ್ತಾದರ ಕೈಕೆಳಗೆ ವೈರಿಂಗ್ ಕಲಿತು, ಮದುವೆಯಾದ ಮೇಲೆ ಹಳಿಯಾಳಕ್ಕೆ ಬಂದ. ಇಪ್ಪತ್ತೆರಡು ವರ್ಷವಾಯಿತು. ತಂದವರನ್ನು ಮೊದಲು ಬೈಯದೆ ಯಾವ ಸಾಮಾನನ್ನೂ ಮುಟ್ಟುವುದಿಲ್ಲ. ಬೈಸಿಕೊಂಡರೆ ಒಲೆ ಚೆನ್ನಾಗಿ ಉರಿಯುತ್ತದೆ ಎಂದು ಜನರೂ ಸುಮ್ಮನೆ ನಿಲ್ಲುತ್ತಿದ್ದರು.

ಅವನ ದೊಡ್ಡ ಗಿರಾಕಿ ಬಸ್ ಸ್ಟ್ಯಾಂಡಿನ ಎದುರು ಚಹಾ ಮಾರುವ ಸಿದ್ದಕ್ಕ. ಜೊಯಿಡಾ ಬಸ್ಸು ನಿಲ್ಲುವ ಹತ್ತು ನಿಮಿಷದಲ್ಲಿ ಎಲ್ಲರಿಗೂ ಚಹಾ ಕೊಡುವುದು ಅವಳ ಹೆಮ್ಮೆ. ಅವಳ ಒಲೆ ಪರಸಪ್ಪನ ಕೈಯಲ್ಲಿ ಆರು ಸಲ ರಿಪೇರಿಯಾಗಿತ್ತು. ಈ ವರ್ಷ ಇದ್ದಕ್ಕಿದ್ದಂತೆ ಅವಳ ಪ್ಲಗ್ಗು ಕರಗಿತು. ಪರಸಪ್ಪ ಹೊಸದು ಹಾಕಿದ, ಎಂಟು ದಿನದಲ್ಲಿ ಅದೂ ಕರಗಿತು. ಅವನು ಹುಬ್ಬಳ್ಳಿಗೆ ಹೋಗಿ, ವೈರನ್ನು ಇಕ್ಕಳದಂತೆ ಕಚ್ಚಿ ಕರೆಂಟು ಅಳೆಯುವ ಮೀಟರ್ ತಂದ. ಅವಳ ಒಲೆಯನ್ನೂ ಒಂದು ಹೊಸ ಒಲೆಯನ್ನೂ ಅಳೆದು ನೋಡಿ, ಸೀದಾ ನಮ್ಮ ಮನೆಗೆ ಬಂದ.

"ಸರ, ಎರಡೂ ಒಂದ ಕಂಪನಿ ಒಲಿ. ಹೊಸಾದು ಐದ ಆಂಪಿಯರ್ ತಗೋತೈತಿ, ಸಿದ್ದಕ್ಕಂದು ಹತ್ತು. ಮೀಟರ್ ಕೆಟ್ಟೈತೇನ್ರಿ?"

ನಿವೃತ್ತ ಮಾಸ್ತರನಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಪೆನ್ನು ಹುಡುಕಿ ಕುಳಿತೆ. ಇನ್ನೂರ ಮೂವತ್ತು ವೋಲ್ಟನ್ನು ಐದರಿಂದ ಭಾಗಿಸಿದೆ, ನಲವತ್ತಾರು ಓಮ್. ಗುಣಿಸಿದೆ, ಸಾವಿರದ ನೂರಾ ಐವತ್ತು ವ್ಯಾಟ್. ಸಿದ್ದಕ್ಕನ ಒಲೆಗೆ ಹತ್ತರಿಂದ ಭಾಗಿಸಿದರೆ ಇಪ್ಪತ್ತಮೂರು ಓಮ್, ಗುಣಿಸಿದರೆ ಎರಡು ಸಾವಿರದ ಮುನ್ನೂರು ವ್ಯಾಟ್.

"ಮೀಟರ್ ಸರಿ ಐತಿ. ರೋಧ ಅರ್ಧ ಆಗೈತಿ. ಅಂದ್ರ ತಂತಿನ ಅರ್ಧ ಉಳದೈತಿ. ಬಾಕಿ ಅರ್ಧ ಎಲ್ಲೈತಿ?"

ಪರಸಪ್ಪ ಎಲ್ಲವನ್ನೂ ಹೇಳಿದ. ಒಲೆಯ ತಂತಿ ಸುಟ್ಟಾಗಲೆಲ್ಲ ಕರಕಾದ ತುದಿಗಳನ್ನು ಕತ್ತರಿಸಿ, ಉಳಿದದ್ದನ್ನು ಜಗ್ಗಿ ಬಿಲ್ಲೆ ತುಂಬಿಸುತ್ತಿದ್ದನಂತೆ. "ಚಲೋ ತಂತಿ ಒಗೀಬಾರದು ಅಂತಿದ್ರು ನಮ್ಮ ಉಸ್ತಾದ್ರು. ಹಂಗಾರ ನನ್ನ ಕೈಗುಣ?"

"ಕೈದಲ್ಲೋ ಪರಸಪ್ಪ. ಕಟಿಂಗ್ ಪ್ಲೇಯರಿಂದು."

ನಾನು ನಕ್ಕೆ, ಅವನು ನಗಲಿಲ್ಲ. ಸಿದ್ದಕ್ಕನದು ಹಲಗೆಯ ಅಂಗಡಿ, ಐದು ಆಂಪಿಯರಿನ ಸಣ್ಣ ವೈರು. ಹೇಳದಿದ್ದರೆ ಒಂದು ದಿನ ಅಂಗಡಿಯೇ ಹೊತ್ತಿಕೊಳ್ಳುತ್ತದೆ. ಹೇಳಿದರೆ ಇಪ್ಪತ್ತೆರಡು ವರ್ಷದ ಹೆಸರು ಹೋಗುತ್ತದೆ. ಸುಮ್ಮನೆ ಹೊಸ ಕಾಯಿಲ್ ಹಾಕಿಬಿಡು, ಯಾಕೆ ಏನು ಎಂದು ಬಾಯಿ ಬಿಡಬೇಡ ಎಂದು ನಾನು ಬುದ್ಧಿ ಹೇಳಿದೆ.

ಮರುದಿನ ಅವನು ಬಸ್ಸಿನ ಜನರೆಲ್ಲ ನಿಂತಿರುವಾಗಲೇ ಹೇಳಿಬಿಟ್ಟ. "ಸಿದ್ದಕ್ಕ, ನಿನ್ನ ಒಲಿ ಜೋರ್ ಉರಿಯೂದು ನನ್ನ ತಪ್ಪಿನಿಂದ. ಮಾಸ್ತರ್ರು ಲೆಕ್ಕ ಮಾಡಿ ತೋರ್ಸ್ಯಾರ."

"ಇಂಥಾ ತಪ್ಪು ಇನ್ನೆರಡ ಮಾಡಪಾ," ಎಂದಳು ಸಿದ್ದಕ್ಕ.

ಅವನು ಅವಳ ಮಾತು ಕೇಳದೆ ಹೊಸ ಕಾಯಿಲ್ ಹಾಕಿದ. ಚಹಾ ಕುದಿಯುವುದರೊಳಗೆ ಜೊಯಿಡಾ ಬಸ್ಸು ಅರ್ಧ ಜನರನ್ನು ಒಣ ಬಾಯಲ್ಲೇ ಹೊತ್ತು ಹೋಯಿತು. ಅಷ್ಟಕ್ಕೆ ಬಿಡದೆ, ತಾನು ಕತ್ತರಿಸಿದ ಒಲೆಗಳನ್ನು ನೆನಪು ಮಾಡಿಕೊಂಡು ಮನೆಮನೆಗೆ ಹೋಗಿ ಕಾಯಿಲ್ ಬದಲಿಸಿದ. ಎಲ್ಲ ಕಡೆ ಒಲೆ ತಣ್ಣಗಾಯಿತು, ಜನ ಬಿಸಿಯಾದರು. ಪರಸಪ್ಪನ ಕೈಗುಣ ಹೋಯಿತು ಎಂಬ ಸುದ್ದಿ ಹಬ್ಬಿತು. ಯಾರದೋ ಕಣ್ಣು ಬಿದ್ದಿದೆ, ದಾರ ಕಟ್ಟಿಸಿಕೋ ಎಂದು ತೇರಗಾಂವದ ಮಾಲವ್ವ ಕನಿಕರದಿಂದ ಹೇಳಿದಳು. ನನ್ನ ಹೆಂಡತಿಯೂ ಹಾಲಿನ ಪಾತ್ರೆ ಹಿಡಿದು ನನ್ನನ್ನೇ ದಿಟ್ಟಿಸಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ಬೇರೆ ಅಂಗಡಿ ಹಿಡಿದರು.

"ಎರಡ ತುಂಡ ಕತ್ತರಿಸಿ ಕೊಟ್ಟಬಿಡು," ಎಂದು ಸಿದ್ದಕ್ಕ ಕೊನೆಗೆ ಕೇಳಿಯೇಬಿಟ್ಟಳು.

"ಕತ್ತರಸಾಕ ಬರ್ತೈತಿ. ಕತ್ತರಸಂಗಿಲ್ಲ."

ಆದರೆ ಅವನಿಗೆ ಸುಮ್ಮನಿರಲೂ ಆಗಲಿಲ್ಲ. ಆ ಬಿರುಸು ಬೇಕೆಂದರೆ ಹತ್ತು ಆಂಪಿಯರ್ ಹರಿಯಲೇಬೇಕು ಎಂದು ತಾನೇ ಲೆಕ್ಕ ಹಾಕಿದ. ಅದನ್ನು ತಾಳುವ ದಪ್ಪ ವೈರನ್ನು ಸಿದ್ದಕ್ಕನ ಅಂಗಡಿಯ ಬೋರ್ಡಿನಿಂದ ಎಳೆದ, ದೊಡ್ಡ ಪ್ಲಗ್ಗು ಕೂರಿಸಿದ, ಅಷ್ಟು ವ್ಯಾಟಿನದೇ ಹೊಸ ಒಲೆ ಇಟ್ಟ. ಆ ಬೆಳಿಗ್ಗೆ ನಾನೂ ಅಲ್ಲೇ ಬೆಂಚಿನ ಮೇಲಿದ್ದೆ. ಡ್ರೈವರ್ ಕೆಳಗಿಳಿಯುವುದರೊಳಗೆ ಚಹಾ ಉಕ್ಕಿತು. ಪರಸಪ್ಪನ ಕೈಗುಣ ವಾಪಸ್ ಬಂತು ಎಂದು ಯಾರೋ ಅಂದರು.

ಪರಸಪ್ಪ ರೇಗಿದ. "ಕೈಗುಣ ಅಲ್ರಿ. ಇನ್ನೂರಾ ಮೂವತ್ತ ಹತ್ತಲೆ ಎರಡ ಸಾವಿರದ ಮುನ್ನೂರು. ಲೆಕ್ಕ ಅದು."

ಸಿದ್ದಕ್ಕ ಚಹಾ ಸೋಸುತ್ತಲೇ ಅಂದಳು, "ಲೆಕ್ಕ ಮಾಸ್ತರ್ರಿಗೂ ಬರ್ತಿತ್ತು. ಅವ್ರು ಮನ್ಯಾಗ ಕುಂತ್ರು. ನೀ ಬಂದು ತಪ್ಪಾಗೈತಿ ಅಂದಿ. ಕೈಗುಣ ಅಂದ್ರ ಅದ."

ಪರಸಪ್ಪ ಪ್ಲಗ್ಗು ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿದ. ಬಾಯಿ ಬಿಡಬೇಡ ಎಂದು ಬುದ್ಧಿ ಹೇಳಿದ್ದ ನಾನು ಚಹಾದ ಲೋಟಕ್ಕೆ ಕೈ ಚಾಚಿದೆ.