ಕೋಟಿನ ಮೇಲಿನ ಖಾಲಿ ಜಾಗ

ಸುರೇಬಾನದಲ್ಲಿ ನಮ್ಮ ಪಕ್ಕದ ಮನೆಯ ಮಾಜಿ ಸೈನಿಕರು ಶಾಲೆಯ ಧ್ವಜವಂದನೆಗೆ ಬರುವಾಗ, ಕೋಟಿನ ಮೇಲಿನ ಪದಕಗಳ ನಡುವೆ ಒಂದರಷ್ಟು ಜಾಗ ಖಾಲಿ ಬಿಟ್ಟಿರುತ್ತಿದ್ದರು. ಆ ಪದಕ ಮನೆಯ ಟ್ರಂಕಿನಲ್ಲೇ ಇತ್ತು. ಅವರ ಸೇವಾ ದಾಖಲೆಯಲ್ಲಿ ಮಾತ್ರ ಬಿಟ್ಟುಹೋಗಿತ್ತು.

"ಹಾಕ್ಕೊಳ್ರಿ ಕಾಕಾ, ಯಾರ ಕೇಳ್ತಾರ?" ಎಂದರೆ, "ತಡಿ, ಮೊದಲ ಕಾಗದದಾಗ ಬರಲಿ" ಎನ್ನುತ್ತಿದ್ದರು.

ಅರ್ಜಿ ಹಾಕಿ ಹಾಕಿ ಕೊನೆಗೊಮ್ಮೆ ತಿದ್ದಿದ ದಾಖಲೆ ಬಂತು. ನಾನು ಪೇಡೆ ಒಯ್ದೆ. ಅವರು ಓದುತ್ತಲೇ ಹುಬ್ಬು ಗಂಟಿಕ್ಕಿದರು. ಬಿಟ್ಟುಹೋದ ಪದಕದ ಜೊತೆಗೆ, ಗಾಯಗೊಂಡವರಿಗೆ ಕೊಡುವ ಪದಕವನ್ನೂ ಸೇರಿಸಿದ್ದರು.

"ಗುಂಡು ಬಡದದ್ದು ನನಗಲ್ಲ, ನನ್ನ ಬಾಜೂಕ ಇದ್ದಾವಗ."

"ಇರಲಿ ಬಿಡ್ರಿ ಕಾಕಾ, ಬಂದದ್ದು ಬಂತು."

ಅವರು ಮತ್ತೆ ತಿದ್ದುಪಡಿಯ ಅರ್ಜಿ ಹಾಕಲು ರಾಮದುರ್ಗದ ಬಸ್ಸಿಗೆಂದು ಟೋಪಿ ಎತ್ತಿಕೊಂಡರು.

"ಹೆಂಗ ಬಿಡ್ಲಿ? ಅವನ ಊರಾಗ ಅವನ ಕೋಟಿನ ಮ್ಯಾಲೂ ಒಂದ ಜಾಗಾ ಖಾಲಿ ಇದ್ದೀತು."