ಓಡುವ ಗಡಿಯಾರದ ಮುಚ್ಚಳ

ಕಿವಿರಾಯರ ಕಿವಿಯ ಬಗ್ಗೆ ಅವರ ಬೀದಿಯಲ್ಲಿ ಓಡಾಡುವ ಕತೆಗಳಲ್ಲಿ ಅರ್ಧ ಸುಳ್ಳು, ಇನ್ನರ್ಧ ಸ್ವಲ್ಪ ಕಡಿಮೆ ಮಾಡಿ ಹೇಳಿದ್ದು. ಪಕ್ಕದ ಬೀದಿಯಲ್ಲಿ ಇರುವೆಗೆ ನೆಗಡಿಯಾದರೆ ಇವರು ಅಂಗಡಿಯಲ್ಲಿ ಕೂತೇ "ಅಯ್ಯೋ ಪಾಪ" ಅನ್ನುತ್ತಿದ್ದರಂತೆ. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ "ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳ್ತಿದೆ, ಅಲ್ವಾ?" ಎಂದು ಅವನ ಕೈಗಡಿಯಾರದ ಕಾಯಿಲೆ ಹೇಳುತ್ತಿದ್ದುದನ್ನು ಮಾತ್ರ ಕಣ್ಣಾರೆ ಕಂಡವರಿದ್ದಾರೆ.

ಅವರದು ಗಡಿಯಾರ ರಿಪೇರಿ. ಒಬ್ಬರು ಕೂತರೆ ಇನ್ನೊಬ್ಬರು ಉಸಿರು ಬಿಗಿಹಿಡಿದು ನಿಲ್ಲಬೇಕಾದಷ್ಟು ಅಗಲದ ಅಂಗಡಿ, ಅದರಲ್ಲಿ ನಲವತ್ತನಾಲ್ಕು ವರ್ಷ. ಅಷ್ಟು ವರ್ಷವೂ ಒಂದೇ ನಿಯಮ: ಚೆನ್ನಾಗಿ ಓಡುತ್ತಿರುವ ಗಡಿಯಾರದ ಮುಚ್ಚಳ ತೆಗೆಯಬಾರದು. ಮದುವೆಯಾದ ಹೊಸತರಲ್ಲಿ ಮಾವನ ಮನೆಯ ಗೋಡೆ ಗಡಿಯಾರವನ್ನು, ಚೆನ್ನಾಗಿ ಓಡುತ್ತಿದ್ದುದನ್ನು, ಬರೀ ಪ್ರೀತಿಗೆ ಬಿಚ್ಚಿ ಒರೆಸಿದ್ದರು. ಅದು ಅಂದು ನಿಂತದ್ದು ಮತ್ತೆ ಓಡಲಿಲ್ಲ. ಮಾವ ಎರಡು ವರ್ಷ ಅಳಿಯನೊಡನೆ ಮಾತು ಬಿಟ್ಟರು. ಆ ಎರಡು ವರ್ಷದ ಮಾತನ್ನು ಹೆಂಡತಿ ಅಂದಿನಿಂದ ಇಂದಿನವರೆಗೂ ಕಂತಿನಲ್ಲಿ ಆಡಿ ತೀರಿಸುತ್ತಿದ್ದಾರೆ.

ಇಂಥ ರಾಯರು ಅರವತ್ತಾರನೇ ವಯಸ್ಸಿನಲ್ಲಿ ಕಾರು ಕೊಂಡರು. ಹೆಂಡತಿಯ ಮಂಡಿ ಬಸ್ಸಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಗಳಿದ್ದುದು ನಾನೂರು ಕಿಲೋಮೀಟರ್ ದೂರದಲ್ಲಿ, ಕಾರು ಬಂದು ತಿಂಗಳಾಗುವ ಹೊತ್ತಿಗೆ ಅವಳಿಗೆ ಒಂಬತ್ತು ತಿಂಗಳು ತುಂಬಿತ್ತು. ಬರುವ ಶನಿವಾರ ಹೊರಟು, ಹೆರಿಗೆಗೆ ಮೊದಲು ಅವಳ ಮುಂದೆ ನಿಲ್ಲಬೇಕು. ಗಂಡ ಹೆಂಡತಿ ಇಬ್ಬರಿಗೂ ಜಗತ್ತಿನಲ್ಲಿ ಬೇರೆ ಕೆಲಸವೇ ಇರಲಿಲ್ಲ.

ಕಾರು ಓಡಿದ್ದಕ್ಕಿಂತ ಸ್ನಾನ ಮಾಡಿದ್ದು ಹೆಚ್ಚು. ಅಷ್ಟು ದಿನಕ್ಕೆ ಇನ್ನೂರ ಹನ್ನೆರಡು ಕಿಲೋಮೀಟರ್ ಆಗಿತ್ತು, ಅದರಲ್ಲಿ ಹನ್ನೆರಡು ರಿವರ್ಸ್. ಹೆಂಡತಿ ಮಾತ್ರೆಯ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುವವರು. ಕಾರಿನ ಜೊತೆ ಬಂದ ಪುಸ್ತಕವನ್ನು ಎರಡು ಸಲ ಓದಿ ಮುಗಿಸಿದ್ದರು.

"ರೀ, ಶುಕ್ರವಾರಕ್ಕೆ ತಿಂಗಳಾಗುತ್ತೆ. ಮೊದಲ್ನೇ ಸರ್ವೀಸು."

"ಸಾವಿರ ಕಿಲೋಮೀಟರ್ ಆಗ್ಲಿ ಕಣೇ. ಮಗಳ ಮನೆಗೆ ಹೋಗಿ ಬಂದ್ರೆ ತಾನಾಗೇ ಆಗುತ್ತೆ."

"ಸಾವಿರ ಇಲ್ಲಾ ಒಂದು ತಿಂಗಳು, ಯಾವುದು ಮೊದಲೋ ಅದು ಅಂತ ಬರೆದಿದಾರೆ."

"ಬರೆಯೋರಿಗೇನು ಕಷ್ಟ? ಚೆನ್ನಾಗಿ ಓಡ್ತಿರೋದನ್ನ ಯಾರಾದ್ರೂ ಬಿಚ್ಚಿಸ್ತಾರಾ?"

"ನಮ್ಮಪ್ಪನ ಗಡಿಯಾರ ಬಿಚ್ಚಿದಾಗ ಎಲ್ಲಿ ಹೋಗಿತ್ತು ಈ ಬುದ್ಧಿ?"

ರಾಯರು ಒರೆಸುವ ಬಟ್ಟೆ ಹಿಡಿದು ಕಾರಿನತ್ತ ನಡೆದರು. ಸರ್ವೀಸು ಬೇಡವೆನ್ನುವುದರ ಹಿಂದೆ ಒಂದು ಗುಟ್ಟಿತ್ತು. ಕಾರು ಬಂದ ಎಂಟನೇ ದಿನದಿಂದ, ಎಡಕ್ಕೆ ತಿರುಗಿಸುವಾಗ ಮುಂದಿನಿಂದ ಒಂದು ಸಣ್ಣ "ಟಿಕ್" ಕೇಳುತ್ತಿತ್ತು. ಹೇಳಿದರೆ ಬಿಚ್ಚುತ್ತಾರೆ. ಬಿಚ್ಚಿದರೆ ಮಾವನ ಗಡಿಯಾರದ ಗತಿಯೇ ಇದಕ್ಕೂ. ಕಾರು ನಿಂತರೆ ಶನಿವಾರದ ಪಯಣವೂ ನಿಂತಂತೆ. ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಓಡಿಸಿ ನೋಡಿದರು. ಹತ್ತಿಯೊಳಗೂ ಟಿಕ್.

ಗುರುವಾರ ಹೆಂಡತಿ ತಾವೇ ಸರ್ವೀಸ್ ಸೆಂಟರಿಗೆ ಫೋನ್ ಮಾಡಿದರು. "ನಾಳೆ ಒಂಬತ್ತು ಗಂಟೆಗೆ ಬರೋಕೆ ಹೇಳಿದಾರೆ. ನೀವು ಬರ್ದೇ ಇದ್ರೆ ನಾನೇ ತಳ್ಕೊಂಡು ಹೋಗ್ತೀನಿ."

"ಆ ಮಂಡಿ ಇಟ್ಕೊಂಡಾ?"

"ಮಂಡಿ ನೋವಿರೋದು ಮೆಟ್ಟಿಲಿಗೆ. ಹಟಕ್ಕಲ್ಲ."

ಸರ್ವೀಸ್ ಸೆಂಟರಿನಲ್ಲಿ ಗಿರಾಕಿಗಳು ಕೂರಲು ಮೆತ್ತನೆಯ ಸೋಫಾ ಇತ್ತು. ರಾಯರು ಕೂರಲಿಲ್ಲ. ನಡುವಿನ ಗಾಜಿಗೆ ಮೂಗು ಒತ್ತಿ ನಿಂತರು. ಆ ಮೂಗಿನ ಗುರುತು ಮೂರು ಸಲ ಒರೆಸಿದರೂ ಹೋಗಲಿಲ್ಲವೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ಅಲ್ಲಿನ ಹೆಡ್ ಮೆಕ್ಯಾನಿಕ್ ಐವತ್ತರ ಹೆಂಗಸು. ತೋಳು ಮಡಿಸಿದ ಬೂದು ಅಂಗಿ, ಕಿವಿಯ ಹಿಂದೆ ಪೆನ್ಸಿಲು. ಆಕೆಗೆ ಅಯ್ಯೋ ಅನ್ನಿಸಿ ಕೈ ಬೀಸಿ ಕರೆದರು. "ಒಳಗೆ ಬನ್ನಿ ಯಜಮಾನ್ರೇ. ಅಮ್ಮಾ, ನೀವೂ ಬನ್ನಿ."

ಕಾರು ಕಂಬಗಳ ಮೇಲೆ ತಲೆಗಿಂತ ಎತ್ತರಕ್ಕೆ ಏರಿತು. ದಿನಾ ಒರೆಸಿದ ಕಾರಿನ ಹೊಟ್ಟೆಯನ್ನು ರಾಯರು ಅಂದೇ ನೋಡಿದ್ದು. ಅಡಿಯ ತಿರುಪು ಬಿಚ್ಚಿದೊಡನೆ ಎಂಜಿನ್ ಎಣ್ಣೆ ಸಣ್ಣ ಜಡೆಯಂತೆ ತಟ್ಟೆಗೆ ಇಳಿಯಿತು. ಮೆಕ್ಯಾನಿಕ್ ಒಂದು ಹನಿಯನ್ನು ಬಿಳಿ ಕಾಗದಕ್ಕೆ ಒತ್ತಿ ರಾಯರ ಮುಂದೆ ಹಿಡಿದರು. ರಾಯರು ಜೇಬಿನಿಂದ ತಮ್ಮ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು.

ಆಮೇಲೆ ಅವರು ಉಸಿರಾಡಿದ್ದನ್ನು ಯಾರೂ ನೋಡಿಲ್ಲ. ಆ ಹನಿಯ ತುಂಬ ಸಾವಿರಾರು ಬೆಳ್ಳಿಚುಕ್ಕೆಗಳು ಮಿನುಗುತ್ತಿದ್ದವು. ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ದೊಡ್ಡ ಆಕಾಶವನ್ನು ರಾಯರು ನಲವತ್ತನಾಲ್ಕು ವರ್ಷದಲ್ಲಿ ಕಂಡಿರಲಿಲ್ಲ.

"ಏನಮ್ಮಾ ಇದು?" ಎಂದರು ಪಿಸುದನಿಯಲ್ಲಿ.

"ಲೋಹದ ಪುಡಿ. ಹೊಸ ಎಂಜಿನ್ ಅಲ್ವಾ, ಒಳಗಿರೋದೆಲ್ಲ ಒಂದಕ್ಕೊಂದು ಉಜ್ಜಿ ಹೊಂದ್ಕೋಬೇಕು. ಮೊದಮೊದಲು ಹೀಗೆ ಉದುರುತ್ತೆ."

"ಇಷ್ಟು ಕಮ್ಮಿ ಓಡಿದ್ರೂನಾ?"

"ಹತ್ತಿರ ಹತ್ತಿರಕ್ಕೇ ಓಡಿಸಿ ನಿಲ್ಲಿಸ್ತಿದ್ರೆ ಎಣ್ಣೆಗೆ ತೇವ ಬೇರೆ ಸೇರುತ್ತೆ. ಅದಕ್ಕೇ ತಿಂಗಳ ಲೆಕ್ಕ. ಒಂದೊಂದು ಗಾಡಿಗೆ ಒಂದೊಂದು ಗಡುವು. ನಿಮ್ಮ ಗಾಡಿದು ಇದು."

ರಾಯರು ಕಾಗದವನ್ನು ಬೆಳಕಿಗೆ ತಿರುಗಿಸಿದರು. ಹೊರಗೆ ನಯವಾಗಿ ಓಡುತ್ತಾ ಒಳಗೆ ಇಷ್ಟೆಲ್ಲ ಸವೆದುಕೊಂಡು, ಒಂದು ಮಾತೂ ಆಡದೆ! ಅಷ್ಟರಲ್ಲಿ ಆ ಟಿಕ್ ನೆನಪಾಯಿತು. ಒಂದು ಮಾತು ಆಡಿತ್ತಲ್ಲ.

"ಅಮ್ಮಾ, ಇನ್ನೊಂದಿದೆ..." ಎಂದು ಟಿಕ್‌ನಿಂದ ಹಿಡಿದು ಶನಿವಾರದ ಪಯಣದವರೆಗೆ ಎಲ್ಲವನ್ನೂ ಹೇಳಿಬಿಟ್ಟರು.

ಹೊಸ ಎಣ್ಣೆ ಹಾಕಿ, ಮೂವರೂ ಕೂತು ಅಂಗಳ ಸುತ್ತಿದರು. "ನನಗೇನೂ ಕೇಳಿಸ್ತಿಲ್ಲ," ಎಂದರು ಮೆಕ್ಯಾನಿಕ್. ರಾಯರು ಕಣ್ಣು ಮುಚ್ಚಿದರು. "ಈಗ. ಎಡಗಡೆ ಮುಂದಿನ ಚಕ್ರ. ಅದರ ಹಿಂಭಾಗ, ನಡುವಿಗಿಂತ ನಾಲ್ಕು ಬೆರಳು ಕೆಳಗೆ."

ಕಾರು ಮತ್ತೆ ಮೇಲೇರಿತು. ಚಕ್ರ ಬಿಚ್ಚಿ, ನಾಲ್ಕು ಬೆರಳು ಅಳೆದು ಸ್ಪ್ಯಾನರ್ ಇಟ್ಟರೆ, ಬ್ರೇಕ್ ಹಿಡಿದಿಡುವ ಬೋಲ್ಟು ಅರ್ಧ ಸುತ್ತು ಸಲೀಸಾಗಿ ತಿರುಗಿತು. ಅಕ್ಕಪಕ್ಕದ ಕಾರುಗಳ ಕೆಳಗಿದ್ದವರೆಲ್ಲ ಎದ್ದು ಬಂದು ನಿಂತರು.

"ನಾಳೆ ಹೋಗೋ ದಾರೀಲಿ ಇಳಿಜಾರಿದೆಯಾ?" ಎಂದು ಕೇಳಿದರು ಮೆಕ್ಯಾನಿಕ್.

"ತುಂಬಾ."

ಆಕೆ ಬೋಲ್ಟನ್ನು ಬಿಗಿದರು. ಇನ್ನೊಮ್ಮೆ ಪರೀಕ್ಷಿಸಿದರು. ಉಳಿದ ಮೂರು ಚಕ್ರಗಳನ್ನೂ ಬಿಚ್ಚಿ ನೋಡಿದರು. ಕೊನೆಗೆ ಕೈ ಒರೆಸಿಕೊಂಡು ರಾಯರ ಕಿವಿಯನ್ನೇ ದಿಟ್ಟಿಸುತ್ತಾ, "ಅಮ್ಮಾ, ಇವರನ್ನ ಇಲ್ಲೇ ಬಿಟ್ಟು ಹೋಗ್ತೀರಾ?" ಎಂದರು.

"ಎಂಟನೇ ದಿನದಿಂದ ಕೇಳಿಸ್ತಿತ್ತಂತೆ," ಎಂದರು ಹೆಂಡತಿ. "ನಾನು ಅಡುಗೆಮನೆಯಿಂದ ಕರೆದ್ರೆ ಮಾತ್ರ ಕೇಳಿಸಲ್ಲ." ಹಾಗೆಂದವರು ಕಾರು ಹತ್ತುವವರೆಗೂ ಗಂಡನ ತೋಳು ಬಿಡಲಿಲ್ಲ.

ಶನಿವಾರ ಇಳಿಜಾರುಗಳೆಲ್ಲ ಬಂದವು, ಹೋದವು. ಎಡಕ್ಕೆ ತಿರುಗಿದಾಗಲೆಲ್ಲ ರಾಯರು ಕಿವಿ ನಿಮಿರಿಸಿದರು. ಗಾಳಿ ಬಿಟ್ಟರೆ ಏನೂ ಇಲ್ಲ. ಸಂಜೆಗೆ ಮಗಳ ಮನೆ, ಸೋಮವಾರ ಮೊಮ್ಮಗಳು.

ರಾಯರು ಬಗ್ಗಿ ಕೂಸಿನ ಎದೆಗೆ ಕಿವಿ ಕೊಟ್ಟರು. ನಲವತ್ತನಾಲ್ಕು ವರ್ಷದಲ್ಲಿ ಇಷ್ಟು ವೇಗದ, ಇಷ್ಟು ಅಚ್ಚುಕಟ್ಟಾದ ಸದ್ದು ಆ ಕಿವಿಗೆ ಬಿದ್ದಿರಲಿಲ್ಲ. ತಲೆಯೆತ್ತುವುದೇ ಮರೆತು ಹಾಗೇ ಇದ್ದರು.

"ಅಪ್ಪಾ, ಸಾಕು ಏಳು," ಎಂದಳು ಮಗಳು. "ಚೆನ್ನಾಗಿದಾಳೆ. ಆದ್ರೂ ತಿಂಗಳಿಗೊಂದ್ಸಲ ಕರ್ಕೊಂಡು ಬಂದು ತೋರಿಸಿ ಅಂದಿದಾರೆ ಡಾಕ್ಟರು."

ಹೆಂಡತಿ ಗಂಡನ ಮುಖ ನೋಡಿದರು.

"ಈಗ್ಲೇ ಫೋನ್ ಮಾಡಿ ಹೇಳಿಡು," ಎಂದರು ರಾಯರು, ಕಿವಿ ತೆಗೆಯದೆ. "ಇವಳು ಒಂದು ಕಿಲೋಮೀಟರೂ ಓಡದಿದ್ರೆ ಪರ್ವಾಗಿಲ್ಲ. ತಿಂಗಳು ಮೀರಬಾರದು."