ಎಂ.ಎಸ್ಸಿ. ಗಣಿತ, ಭಾವನ ಜಾಮೀನು

ಟ್ಯೂಷನ್ ಮಕ್ಕಳು ಅವಳಿಗೆ ಇಟ್ಟ ಹೆಸರು ಸ್ಟೆಪ್ಸ್ ಮೇಡಂ. ಉತ್ತರ ಸರಿಯಿದ್ದರೂ ಅವಳು ಬಿಡುತ್ತಿರಲಿಲ್ಲ. "ಇದೇನು ಆಕಾಶದಿಂದ ಉದುರಿತಾ? ಸ್ಟೆಪ್ಸ್ ಎಲ್ಲಿ?" ಎಂದು ಹಾಳೆಯನ್ನು ವಾಪಸು ಕೈಗಿಡುತ್ತಿದ್ದಳು. ಹೆಸರು ಅವಳ ಕಿವಿಗೂ ಬಿದ್ದಿತ್ತು. ಇದಕ್ಕಿಂತ ಕೆಟ್ಟ ಹೆಸರು ಇಡಬಹುದಿತ್ತು, ಪುಣ್ಯ ಎಂದುಕೊಂಡು ಸುಮ್ಮನಾಗಿದ್ದಳು.

ಟ್ಯೂಷನ್ ನಡೆಯುತ್ತಿದ್ದದ್ದು ಒಂದು ಟೈರ್ ಅಂಗಡಿಯ ಮಹಡಿಯಲ್ಲಿ. ಕಿಟಕಿ ತೆಗೆದರೆ ರಬ್ಬರಿನ ವಾಸನೆ, ಮುಚ್ಚಿದರೆ ಮಕ್ಕಳ ಬೆವರಿನ ವಾಸನೆ. ಬೆಳಿಗ್ಗೆ ಅಲ್ಲಿ ಒಂದು ಬ್ಯಾಚು, ಸಂಜೆ ಎರಡು. ನಡುವೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ. ಅತಿಥಿ ಅಂದರೆ ಕರೆದಾಗ ಬರಬೇಕು, ಹೋಗು ಅಂದಾಗ ಹೋಗಬೇಕು, ಊಟಕ್ಕೆ ಮಾತ್ರ ಕೇಳಬಾರದು ಎಂದು ಸ್ಟಾಫ್ ರೂಮಿನಲ್ಲಿ ಅವಳೇ ಒಮ್ಮೆ ನಗೆಯಾಡಿದ್ದಳು. ಖಾಯಂ ನೌಕರಿಯವರು ಹೊಟ್ಟೆ ಹಿಡಿದು ನಕ್ಕರು. ಅತಿಥಿಗಳು ಯಾರೂ ನಗಲಿಲ್ಲ. ರಜೆಯ ತಿಂಗಳುಗಳಲ್ಲಿ ಅವರಿಗೆ ಸಂಬಳವಿರಲಿಲ್ಲ. ಬ್ಯಾಂಕಿನ ಬಡ್ಡಿಗೆ ಮಾತ್ರ ರಜೆ ಎಂಬುದು ಗೊತ್ತಿರಲಿಲ್ಲ.

ಗಣಿತದ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನ ಕೆಲಸದ ಜಾಗದಲ್ಲಿ. ಅಪ್ಪ ಮನೆಗಳಿಗೆ ನೆಲದ ಟೈಲ್ಸ್ ಹಾಕುತ್ತಿದ್ದ. ಶಾಲೆಗೆ ರಜೆಯಿದ್ದ ದಿನ ಬುತ್ತಿ ಒಯ್ಯುತ್ತಿದ್ದ ಅವಳು, ನಾಲ್ಕು ಮೂಲೆಯದಿದೆ, ಆರು ಮೂಲೆಯದಿದೆ, ಐದು ಮೂಲೆಯ ಟೈಲ್ಸ್ ಯಾಕಿಲ್ಲ ಎಂದು ಕೇಳಿದಳು. "ಇಲ್ಲ ಅಂದ್ರೆ ಇಲ್ಲ. ಬೇಕಿದ್ರೆ ಕಂಪನಿಯವರನ್ನ ಕೇಳು," ಎಂದ ಅಪ್ಪ. ಅವಳು ರಟ್ಟಿನಲ್ಲಿ ಒಂದೇ ಅಳತೆಯ ಐದು ಮೂಲೆಯ ತುಂಡುಗಳನ್ನು ಕತ್ತರಿಸಿ ಜೋಡಿಸುತ್ತ ಕೂತಳು. ಮೂರರ ಮೂಲೆ ಕೂಡಿಸಿದರೆ ಸಂದು ಉಳಿಯುತ್ತದೆ, ನಾಲ್ಕು ಕೂಡಿಸಿದರೆ ಒಂದರ ಮೇಲೊಂದು ಏರುತ್ತದೆ. ಇದೇ ಕಾರಣ ಎಂದು ಓಡಿಬಂದು ಹೇಳಿದಾಗ ಅಪ್ಪ, "ಇಷ್ಟಕ್ಕೆ ಒಂದು ವಾರ ಬೇಕಾಯ್ತಾ?" ಎಂದ. ಮರುದಿನ ಜೊತೆಯ ಕೆಲಸದವರಿಗೆಲ್ಲ ಕರಣೆ ಕೆಳಗಿಟ್ಟು ವಿವರಿಸಿದವನೂ ಅವನೇ.

ಪಿಯುಸಿ ಮುಗಿದ ಮೇಲೆ ಅವಳಿಗೆ ದೂರದ ದೊಡ್ಡ ವಿಶ್ವವಿದ್ಯಾಲಯದಲ್ಲಿ ಡಿಗ್ರಿಯಿಂದ ಎಂ.ಎಸ್ಸಿ.ವರೆಗೂ ಓದುವ ಸೀಟು ಸಿಕ್ಕಿತು. ಬ್ಯಾಂಕಿನವರು ಸಾಲಕ್ಕೆ ಜಾಮೀನು ಕೇಳಿದರು. ಅಪ್ಪನಿಗೆ ಅಂದಿನ ಕೂಲಿ ಅಂದಿಗೆ, ಅವನ ಸಹಿ ನಡೆಯಲಿಲ್ಲ. ಆಗ ಮುಂದೆ ಬಂದದ್ದು ಅಕ್ಕನ ಗಂಡ. ಓಣಿಯೊಳಗೆ ಒಂದು ಮಿಷನ್ ಇಟ್ಟುಕೊಂಡಿದ್ದ ದರ್ಜಿ, ಕುತ್ತಿಗೆಯಲ್ಲಿ ಅಳತೆಯ ಟೇಪು ನೇತಾಡುತ್ತಿದ್ದ ಹಾಗೆಯೇ ಬ್ಯಾಂಕಿಗೆ ಬಂದು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. "ಓದಿ ಸಹಿ ಹಾಕಿ ಭಾವ," ಎಂದಳು ಅವಳು. "ನೀನು ಓದಿದ್ರೆ ಸಾಕು," ಎಂದ ಅವನು.

ಅವಳು ಓದಿದಳು. ಆ ವರ್ಷಗಳ ಸುಖವನ್ನು ಯಾರಿಗೂ ಹೇಳಿ ತಿಳಿಸುವ ಹಾಗಿರಲಿಲ್ಲ. ಒಂದು ಪ್ರಮೇಯ ತಲೆಗೆ ಹತ್ತದೆ ದಿನಗಟ್ಟಲೆ ಕಾಡಿಸಿ, ಬಟ್ಟೆ ಹಿಂಡುವಾಗಲೋ ಬಸ್ಸಿಗೆ ಕಾಯುವಾಗಲೋ ಫಕ್ಕನೆ ಬಿಡಿಸಿಕೊಂಡಾಗ, ಬೇರೆ ಏನೂ ಬೇಡ ಅನ್ನಿಸುತ್ತಿತ್ತು. ಪ್ರೊಫೆಸರರು ಸಂಶೋಧನೆಗೆ ಬಾ ಎಂದರು, ಆದರೆ ಮೊದಲ ವರ್ಷ ಭತ್ಯೆ ಇಲ್ಲವೆಂದೂ ಹೇಳಿದರು. ಅದೇ ಹೊತ್ತಿಗೆ ಅಪ್ಪ ತೀರಿಕೊಂಡ, ಸಾಲದ ಕಂತು ಶುರುವಾಯಿತು. ಅವಳು ಗಂಟುಮೂಟೆ ಕಟ್ಟಿಕೊಂಡು ವಾಪಸು ಬಂದಳು.

ಒಂದು ರಜೆಯ ಬೇಸಗೆಯಲ್ಲಿ ಕಂತುಗಳು ತಪ್ಪಿದವು. ಕಾಲೇಜು ತೆರೆದ ಮೇಲೆ ಕಟ್ಟಿದರಾಯಿತು ಎಂದು ಅವಳು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಆ ಬೇಸಗೆಯಲ್ಲೇ ಭಾವ ಮುಖ್ಯರಸ್ತೆಯ ಮೂಲೆಯ ಅಂಗಡಿಯನ್ನು ನೋಡಿಟ್ಟುಕೊಂಡು, ಎರಡು ಹೊಸ ಮಿಷನ್ನಿಗೆ ಸಾಲ ಕೇಳಲು ಹೋಗಿದ್ದ. ನಿಮ್ಮ ಜಾಮೀನಿನ ಸಾಲವೇ ಬಾಕಿ ಬಿದ್ದಿದೆ ಎಂದು ಬ್ಯಾಂಕಿನವರು ಬಾಗಿಲು ತೋರಿಸಿದರು. ಅವನು ಈ ಮಾತನ್ನು ಎಲ್ಲೂ ಎತ್ತಲಿಲ್ಲ. ಬಹಳ ದಿನಗಳ ನಂತರ, ಯಾವುದೋ ಸಣ್ಣ ಜಗಳದಲ್ಲಿ ಅಕ್ಕನ ಬಾಯಿಂದ ಜಾರಿತು: "ನಿನ್ನ ಓದು ಇವರ ಅಂಗಡೀನ ತಿಂದು ಹಾಕ್ತು ಕಣೇ." ಅಷ್ಟರಲ್ಲಿ ಮೂಲೆಯ ಅಂಗಡಿಯಲ್ಲಿ ಮೊಬೈಲ್ ಮಾರುವವರು ಬೋರ್ಡು ಹಾಕಿದ್ದರು. ಟೈರ್ ಅಂಗಡಿಯ ಮಹಡಿಯನ್ನು ಅವಳು ಹತ್ತಿದ್ದು ಆ ಜಗಳದ ಮರುದಿನ. ಆಮೇಲೆ ಒಂದು ಕಂತೂ ತಪ್ಪಲಿಲ್ಲ. ಗಣಿತದ ಹೊಸ ಪುಸ್ತಕವನ್ನೂ ಅವಳು ಕೊಳ್ಳಲಿಲ್ಲ.

ವರ್ಷಗಳು ಉರುಳಿ, ಸಾಲ ಇನ್ನೇನು ಮುಗಿಯಬೇಕು ಎನ್ನುವಾಗ ಒಂದು ಭಾನುವಾರ ಮಧ್ಯಾಹ್ನ ಅಕ್ಕ ಮಗಳನ್ನು ಕರೆದುಕೊಂಡು ಇವಳ ಕೋಣೆಗೆ ಬಂದಳು. ಹುಡುಗಿ ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು. ಅದೇ ವಿಶ್ವವಿದ್ಯಾಲಯ, ಅದೇ ಗಣಿತ ಬೇಕೆಂದು ಹಟ ಹಿಡಿದು ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

"ನಾನು ಹೇಳಿದ್ರೆ ಇವಳಿಗೆ ನಾಟಲ್ಲ. ಎಷ್ಟು ದುಡಿದೆ, ಎಷ್ಟು ಕಟ್ಟಿದೆ, ನೀನೇ ಹೇಳು," ಎಂದು ಅಕ್ಕ ಮಂಚದ ಮೇಲೆ ಕೂತಳು.

ಅವಳಿಗೆ ನಿದ್ದೆ ಬೇಕಾಗಿತ್ತು. ವಾರಕ್ಕೆ ಅದೊಂದೇ ಮಧ್ಯಾಹ್ನ ಅವಳದು. ಆದರೂ ಗೋಡೆಗೆ ಒರಗಿ ಕೂತು ಎಲ್ಲವನ್ನೂ ಹೇಳಿದಳು. ತನಗಿಂತ ಕಡಿಮೆ ಓದಿ ವಿಮಾ ಕಚೇರಿಗೆ ಸೇರಿದ ಗೆಳತಿ ಸ್ವಂತ ಮನೆ ಕಟ್ಟಿಸಿದ್ದನ್ನು, ತಾನು ಪಡೆದ ಸಾಲಕ್ಕಿಂತ ಕಟ್ಟಿದ ಹಣ ಎಷ್ಟೋ ಪಾಲು ಹೆಚ್ಚಾದದ್ದನ್ನು. "ಮಕ್ಕಳಿಗೆ ಚಕ್ರಬಡ್ಡಿ ಪಾಠ ಮಾಡುವಾಗ ಉದಾಹರಣೆ ಹುಡುಕೋಕೆ ನಾನು ಹೊರಗೆ ಹೋಗಲ್ಲ," ಎಂದಳು. ಹುಡುಗಿ ತಲೆ ಬಗ್ಗಿಸಿ ಕೇಳುತ್ತಿದ್ದಳು. ಮೂಲೆಯ ಅಂಗಡಿಯ ಮಾತು ಬಂದಾಗ ಮಾತ್ರ ಅಮ್ಮನ ಮುಖ ನೋಡಿದಳು. ಅದು ಅವಳಿಗೆ ಗೊತ್ತೇ ಇರಲಿಲ್ಲ.

ಹುಡುಗಿ ಕೇಳಿದಳು, "ಸಾಲ ಅನ್ನೋದೇ ಇಲ್ದೆ ಇದ್ದಿದ್ರೆ ಚಿಕ್ಕಮ್ಮ? ಆಗಲೂ ಗಣಿತಾನೇ ಓದ್ತಿದ್ಯಾ?"

"ಎರಡು ಸಲ ಓದ್ತಿದ್ದೆ."

"ನೋಡಮ್ಮ!" ಎಂದು ಹುಡುಗಿ ಚಿಮ್ಮಿ ನಿಂತಳು. "ಬೇಡ ಅನ್ನು ಅಂತ ಕರ್ಕೊಂಡು ಬಂದ್ರೆ ಬೆಂಕಿಗೆ ತುಪ್ಪ ಸುರೀತೀಯಲ್ಲೇ!" ಎಂದು ಅಕ್ಕನೂ ಎದ್ದು ಹಣೆ ಚಚ್ಚಿಕೊಂಡಳು.

"ಇಬ್ಬರೂ ಕೂತ್ಕೊಳ್ಳಿ," ಎಂದಳು ಅವಳು. ದನಿ ಏರಿಸುವಷ್ಟು ತ್ರಾಣ ಇರಲಿಲ್ಲ. "ನನ್ನ ಸಾಲದಲ್ಲಿ ಗಣಿತದ ಪಾಲು ಕಡಿಮೆ. ಫೀಸು ಸ್ವಲ್ಪವೇ. ಉಳಿದದ್ದೆಲ್ಲ ಹಾಸ್ಟೆಲ್ಲು, ಊಟ, ಆ ಊರಿನ ಖರ್ಚು, ಅದರ ಮೇಲಿನ ಬಡ್ಡಿ. ಇಲ್ಲಿ ನಮ್ಮ ಕಾಲೇಜಿನಲ್ಲೂ ಡಿಗ್ರಿಗೆ ಗಣಿತ ಇದೆ. ಮನೆಯಲ್ಲಿದ್ದು ಓದು. ಮುಂದೆ ದೊಡ್ಡ ಕಡೆ ಹೋಗೋದಾದ್ರೆ ಅವರೇ ದುಡ್ಡು ಕೊಟ್ಟು ಕರೀಬೇಕು. ಇಲ್ಲಾಂದ್ರೆ ಹೋಗಬೇಡ."

"ಇಲ್ಲಿ ಮೇಷ್ಟ್ರು ಎಲ್ಲಿದ್ದಾರೆ? ಒಂದೊಂದು ಟರ್ಮಿಗೆ ಒಬ್ಬೊಬ್ಬರು ಬರ್ತಾರೆ ಅಂತ ನೀನೇ ಹೇಳ್ತಿರ್ತೀಯ."

"ಬರ್ತಾರೆ, ಹೋಗ್ತಾರೆ. ನಾನೂ ಯಾವಾಗ ಹೋಗ್ತೀನೋ ಗೊತ್ತಿಲ್ಲ. ಬೀಜಗಣಿತ ನಾನು ಕಲಿಸ್ತೀನಿ. ಬೇರೆಯದ್ದನ್ನ ನೀನೇ ಗುದ್ದಾಡಿ ಓದ್ಕೋಬೇಕು. ಕಷ್ಟ ಅಂತ ಗೊತ್ತು. ಆದ್ರೆ ಸಾಲಕ್ಕೆ ಸಹಿ ಮಾತ್ರ ಈ ಮನೆಯಲ್ಲಿ ಇನ್ಯಾರೂ ಹಾಕಬಾರದು."

"ನಿನಗೆ ಸಿಕ್ಕಿದ್ದು ನನಗೆ ಯಾಕೆ ಸಿಗಬಾರದು?" ಎಂದಳು ಹುಡುಗಿ. ಕಣ್ಣು ತುಂಬಿತ್ತು.

"ಸಿಗಬೇಕಿತ್ತು ಮಗಳೇ," ಎಂದಳು ಚಿಕ್ಕಮ್ಮ. ಹುಡುಗಿ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದೇ ಬಿಟ್ಟಳು. ಅಕ್ಕ ಹಿಂದೆಯೇ ಹೋದಳು. ಅವಳು ಮಲಗಿದಳು, ನಿದ್ದೆ ಬರಲಿಲ್ಲ.

ಹುಡುಗಿ ಬಹಳ ದಿನ ಮಾತು ಬಿಟ್ಟಳು. ಕೊನೆಗೆ ಇದೇ ಕಾಲೇಜಿಗೆ ಸೇರಿದಳು. ತರಗತಿಯಲ್ಲಿ ಕಿಟಕಿಯ ಪಕ್ಕ ಕೂತು, ಎಲ್ಲರಂತೆ "ಮೇಡಂ" ಎಂದೇ ಕರೆದಳು. ಸಿಟ್ಟು ಇಳಿಯಲು ಅರ್ಧ ವರ್ಷ ಹಿಡಿಯಿತು. ಇಳಿದದ್ದೂ ಪೂರ್ತಿಯಲ್ಲ. ಆದರೆ ಒಂದು ದಿನ ಪಾಠ ಮುಗಿದ ಮೇಲೆ ಬೋರ್ಡಿನ ಹತ್ತಿರ ಬಂದು, "ಚಿಕ್ಕಮ್ಮ, ಈ ಸಾಲು ನನಗೆ ಒಪ್ಪಿಗೆಯಾಗ್ಲಿಲ್ಲ," ಎಂದು ಬೆರಳಿಟ್ಟಳು. ನೋಡಿದರೆ ಅಲ್ಲಿ ಚಿಕ್ಕಮ್ಮ ಒಂದು ಹಂತ ಹಾರಿಸಿದ್ದಳು. ಇಬ್ಬರೂ ಮುಂದಿನ ಬಸ್ಸು ತಪ್ಪಿಸಿಕೊಂಡು ಅದನ್ನು ಬರೆದು ಮುಗಿಸಿದರು.

ಸಾಲ ತೀರಿದ್ದು ಆ ವರ್ಷವೇ. ಕುಣಿದಾಡುವಷ್ಟು ಖುಷಿಯಾಗುತ್ತದೆ ಎಂದು ಎಷ್ಟೋ ಸಲ ಎಣಿಸಿಕೊಂಡಿದ್ದಳು. ಬ್ಯಾಂಕಿನಿಂದ ಹೊರಬಿದ್ದಾಗ ಕಾಲು ನೋಯುತ್ತಿತ್ತು, ಅಷ್ಟೇ. ಸೀದಾ ಓಣಿಗೆ ಹೋದಳು. ಭಾವ ಮಿಷನ್ನಿನ ಮುಂದೆ ಕೂತು, ಯಾರದೋ ಸಮವಸ್ತ್ರಕ್ಕೆ ಜೇಬು ಕೂಡಿಸುತ್ತಿದ್ದ.

"ಭಾವ, ಸಾಲ ಮುಗೀತು. ನಿಮ್ಮ ಜಾಮೀನೂ ಬಿಡುಗಡೆ ಆಯ್ತು."

"ಹೌದಾ? ಒಳ್ಳೇದಾಯ್ತು. ಊಟ ಆಯ್ತಾ?"

"ಈಗ ನೀವು ಸಾಲ ಕೇಳಿದ್ರೆ ಕೊಡ್ತಾರೆ. ಮುಖ್ಯರಸ್ತೆಯಲ್ಲಿ ಒಂದು ಮಳಿಗೆ ಖಾಲಿ ಇದೆಯಂತೆ..."

ಅವನು ಮಿಷನ್ ತುಳಿಯುತ್ತಿದ್ದ ಕಾಲು ನಿಲ್ಲಿಸಿ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದ. "ಈ ಕಣ್ಣಿಟ್ಕೊಂಡು ಈಗ ದೊಡ್ಡ ಅಂಗಡಿ ಯಾಕಮ್ಮ? ಸೂಜಿಗೆ ದಾರ ಪೋಣಿಸೋಕೇ ಎದುರು ಮನೆಯವರನ್ನ ಕೂಗ್ತೀನಿ." ಹೇಳಿ ನಕ್ಕ. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನಿಮಗೆ ನಷ್ಟ ಆಯ್ತು ಭಾವ."

"ಆಯ್ತು," ಎಂದ ಅವನು. ಇಷ್ಟು ವರ್ಷಗಳಲ್ಲಿ ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. "ಏನ್ ಮಾಡೋಕಾಗುತ್ತೆ? ನಿನಗೂ ಏನು ಲಾಭ ಆಯ್ತು ಅಂತ ನಾನು ನೋಡ್ತಾನೇ ಇದೀನಲ್ಲ. ಮೊನ್ನೆ ಮಗಳು ಏನೋ ಲೆಕ್ಕ ಬಿಡಿಸಿ, ಒಬ್ಬಳೇ ಅಡುಗೆಮನೆಯಲ್ಲಿ ನಗ್ತಿದ್ಲು. ನಿಮ್ಮಪ್ಪ ಇದ್ದಿದ್ರೆ ನೋಡ್ತಿದ್ರು. ನನಗೆ ಅದೆಲ್ಲ ಅರ್ಥ ಆಗಲ್ಲ ಬಿಡು."

ಎದುರಿನ ಅಂಗಡಿಯಿಂದ ಚಹಾ ತರಿಸಿದ. ಇಬ್ಬರೂ ಕುಡಿದರು. ಸಂಜೆಯ ಬ್ಯಾಚಿಗೆ ಹೊತ್ತಾಗುತ್ತಿತ್ತು. ಸಾಲ ತೀರಿದರೂ ಬಾಡಿಗೆ ತೀರಿರಲಿಲ್ಲ, ಬೇಸಗೆಯ ರಜೆ ಮತ್ತೆ ಎದುರಿಗಿತ್ತು. ಅವಳು ಲೋಟ ತೊಳೆದಿಟ್ಟು, ಮಿಷನ್ನಿನ ಪಕ್ಕ ಬಿದ್ದಿದ್ದ ಕೈಸೂಜಿಗಳಿಗೆಲ್ಲ ಒಂದೊಂದಾಗಿ ದಾರ ಪೋಣಿಸಿಕೊಟ್ಟು, ಬಸ್ಸಿಗೆ ನಡೆದಳು.